ಮೂಡಣ ಗೋಡೆಯ ನೀಲಿ

ಹೊಲಕ್ಕೆ ಔಷಧ ಹೊಡೆಯುವವನ ಪಕ್ಕ ಯಾರೂ ಕೂರುವುದಿಲ್ಲ. ಎರಡು ಸಲ ಸಾಬೂನು ಹಚ್ಚಿ ಮಿಂದರೂ ವಾಸನೆ ನನಗಿಂತ ಮುಂಚೆ ಹೋಗಿ ಕೂತಿರುತ್ತದೆ. ಕೊಳಕೂರಿನಲ್ಲಿ ನನ್ನನ್ನು ಬಾ ಎಂದು ಕರೆಯುತ್ತಿದ್ದವಳು ಕಸ್ತೂರಿಬಾಯಿ ಒಬ್ಬಳೇ. ತನ್ನ ಬಾವಿಯಿಂದ ನೀರು ಸೇದಿ ನನ್ನ ಬೊಗಸೆಗೆ ಹೊಯ್ಯುತ್ತಾ ಬೆಳೆಯ ಮಾತು, ಸೊಸೆಯ ಮಾತು ಆಡುತ್ತಿದ್ದಳು. ಮನೆಯಲ್ಲಿ ಗೋಡೆಯ ಜೊತೆ ಮಾತಾಡುವವನಿಗೆ ಅದೇ ಹಬ್ಬ.

ಎಂಬತ್ತಾರನೆಯ ಇಸವಿಯಲ್ಲಿ, ತೊಗರಿ ಹೂವಾಡುವ ಕಾಲಕ್ಕೆ, ಆ ಬಾವಿಯ ಮೀನು ಸತ್ತು ತೇಲಿದವು. ಹಿಂದಿನ ದಿನ ಪಕ್ಕದ ದೌಲತರಾಯನ ಹೊಲಕ್ಕೆ ಔಷಧ ಹೊಡೆದವನು ನಾನು. ಹನಿಗಳು ಗಾಳಿಗೆ ಬಾವಿ ದಾಟಿ ಹೋಗುತ್ತವೆ, ಒಳಗೆ ಹೇಗೆ ಇಳಿದಾವು, ಇವನೇ ಔಷಧದ ಪಂಪು ಬಾವಿಗೆ ಅದ್ದಿ ತೊಳೆದಿದ್ದಾನೆ ಎಂದು ಊರು ತೀರ್ಪು ಕೊಟ್ಟಿತು.

"ಬಾವ್ಯಾಗ ತೊಳದಿಯೇನು, ಲಾಲಸಾಬ?" ಎಂದಳು ಕಸ್ತೂರಿಬಾಯಿ.

ಇಲ್ಲ ಎಂದೆ. ಅವಳು ಕೊಡ ಎತ್ತಿಕೊಂಡು ಹೋದಳು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮೂರು ದಿನ ಆ ಬಾವಿಯ ದಂಡೆಯಲ್ಲಿ ಒಬ್ಬನೇ ಕೂತು, ಗಾಳಿ ಎತ್ತ ಹೋಗುತ್ತದೆಂದು ಹೊಟ್ಟು ತೂರಿ ನೋಡಿದೆ. ನಾಲ್ಕನೆಯ ದಿನ ಬಟ್ಟೆಗೆ ಹಾಕುವ ನೀಲಿಯನ್ನು ಬರೀ ನೀರಿಗೆ ಕಲಸಿ ಪಂಪಿಗೆ ತುಂಬಿದೆ. ನನ್ನ ಎರಡು ಬಿಳಿ ಲುಂಗಿಗಳನ್ನು ಬಾವಿಯ ಮೂಡಣ, ಪಡುವಣ ಗೋಡೆಗಳಿಗೆ ಇಳಿಬಿಟ್ಟೆ. ದೌಲತರಾಯನನ್ನೂ ಕಸ್ತೂರಿಬಾಯಿಯನ್ನೂ ಕರೆದು ನಿಲ್ಲಿಸಿದೆ. ಮೂಡಗಾಳಿಯಿತ್ತು. ಬಾವಿಯ ಮೂಡಣಕ್ಕೆ, ದೌಲತರಾಯನ ಹೊಲದಲ್ಲಿ, ಹತ್ತು ಹೆಜ್ಜೆ ದೂರ ನಿಂತು ಅವತ್ತಿನಂತೆಯೇ ಹೊಡೆದೆ.

ದಪ್ಪ ಹನಿ ಬಾವಿ ಮುಟ್ಟುವ ಮೊದಲೇ ನೆಲಕ್ಕೆ ಬಿದ್ದವು. ಸಣ್ಣವು ಗಾಳಿಯ ಬೆನ್ನೇರಿ ಬಂದು, ಎದುರು ಗೋಡೆಗೆ ಬಡಿದ ಗಾಳಿಯ ಜೊತೆ ಒಳಗಿಳಿದು, ರಾಟೆಯಂತೆ ತಿರುಗಿದವು. ಲುಂಗಿ ಎಳೆದು ತೋರಿಸಿದೆ. ಪಡುವಣದ್ದು ಸರಿ, ನನ್ನ ಕಡೆಯ ಮೂಡಣ ಗೋಡೆಯ ಲುಂಗಿಗೂ ನೀಲಿ ಚುಕ್ಕೆ ಕೂತಿದ್ದವು. ದೌಲತರಾಯ ಚುಕ್ಕೆಗಳನ್ನು ಬೆರಳಿನಿಂದ ಉಜ್ಜಿ ನೋಡಿದ.

"ನೀ ತೊಳದಿಲ್ಲ ಖರೆ. ನಂದೇ ತಪ್ಪು," ಎಂದಳು ಕಸ್ತೂರಿಬಾಯಿ. ಅವತ್ತು ಎಷ್ಟೋ ವರ್ಷದ ಮೇಲೆ ಹೊಟ್ಟೆ ತುಂಬಾ ಉಂಡೆ.

ಮರುವಾರ ದತ್ತಪ್ಪನ ಹೊಲಕ್ಕೆ ಪಂಪು ಹೊತ್ತು ಹೊರಟರೆ, ದಾರಿಯ ಬಾವಿಗಳ ಮೇಲೆಲ್ಲ ತಗಡು, ಗೋಣಿತಟ್ಟು. ಗಾದೆಯಲ್ಲಿ ಗಾಳಿ ಗುದ್ದಿ ಮೈ ನೋಯಿಸಿಕೊಂಡವನು ನಾನೇ ಇರಬೇಕು. ಕಸ್ತೂರಿಬಾಯಿ ತಂಬಿಗೆ ಹಿಡಿದು ಬರುತ್ತಿದ್ದಳು. ದೂರದಲ್ಲೇ ನಿಂತು, ಚಿಟಿಕೆ ಮಣ್ಣು ಎತ್ತಿ ಬಿಟ್ಟು ನೋಡಿದಳು.

"ಅಲ್ಲೇ ನಿಂದ್ರು, ಲಾಲಸಾಬ. ಗಾಳಿ ಇತ್ತ ಬೀಸಾಕತ್ತದ."

ಮೊದಲು ಊರು ನನ್ನ ಕೈಗೆ ಅಂಜುತ್ತಿತ್ತು. ನನ್ನ ಕಡೆಯ ಗಾಳಿಗೂ ಅಂಜುವುದನ್ನು ನಾನೇ ಕಲಿಸಿದ್ದೆ. ಅವಳು ತಂಬಿಗೆಯನ್ನು ಬದುವಿನ ಮೇಲಿಟ್ಟು, ಅದರ ಬಾಯಿಗೆ ತಟ್ಟೆ ಮುಚ್ಚಿ, ಹಿಂದಿರುಗಿದಳು. ಹೋಗಿ ಕುಡಿದೆ. ನೀರು ತಣ್ಣಗಿತ್ತು. ಮಾತಾಡಲು ಯಾರೂ ಇರಲಿಲ್ಲ.