ಹೆಣ ಕಾಣದಿದ್ದರೆ ಸತ್ತಿಲ್ಲ

ಊರಿನ ಡಬ್ಬಿಂಗ್ ಸ್ಟುಡಿಯೋದಲ್ಲಿ ಖಳನಾಯಕರ ಚೇಲಾಗಳಿಗೆಲ್ಲ ಒಂದೇ ಗಂಟಲು, ಗಿಣಿಯದು. "ಬಾಸ್, ಪೊಲೀಸು!" ಎಂದು ಕೂಗಿ ಅವನು ಸತ್ತಷ್ಟು ಸಲ ಯಾವ ನಾಯಕನೂ ಬದುಕಿರಲಾರ. ಲಿಫ್ಟಿನ ಕಿರುಗುಟ್ಟುವಿಕೆ, ಎದುರುಮನೆಯ ನಾಯಿ, ಕೊನೆಗೆ ಪಕ್ಕದಲ್ಲೇ ಕೂತ ನೀವು, ಯಾರೂ ಅವನ ಬಾಯಿಂದ ತಪ್ಪಿಸಿಕೊಂಡವರಲ್ಲ. ಅದಕ್ಕೇ ಆ ಹೆಸರು. ಭಾನುವಾರ ಮಧ್ಯಾಹ್ನ ಸ್ಟುಡಿಯೋ ಖಾಲಿ. ಆಗ ಅಲ್ಲಿ ಆಟ ನಡೆಯುತ್ತಿತ್ತು.

ಆಟ ಅವನ ಅಣ್ಣನದು. ಕಾಲೇಜಿನಲ್ಲಿದ್ದಾಗ ಯಾರದೋ ಪುಸ್ತಕವನ್ನು ಜೆರಾಕ್ಸ್ ಮಾಡಿಸಿ ತಂದಿದ್ದ. ಒಬ್ಬ ಕಥೆ ಹೇಳುತ್ತ ಹೋಗಬೇಕು. ಉಳಿದವರು ತಮ್ಮ ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ಎಂಬುದು ದಾಳಕ್ಕೆ ಬಿಟ್ಟದ್ದು. ಮೂಲದಲ್ಲಿ ಅದು ಕತ್ತಿ, ಮಂತ್ರವಾದಿ, ನೆಲಮಾಳಿಗೆ, ರಾಕ್ಷಸರ ಆಟ. ಅಣ್ಣನಿಗೋ ಹೊಡೆದಾಟದ ಸಿನಿಮಾ ಹುಚ್ಚು. ಹಳೇ ನಿಯಮಗಳನ್ನೇ ಬಿಚ್ಚಿ ಹೊಸ ಅಳತೆಗೆ ಹೊಲಿದ. ನೆಲಮಾಳಿಗೆ ಗೋದಾಮಾಯಿತು. ನಿಧಿ ಕಾಯುವ ಡ್ರ್ಯಾಗನ್ ಡಾನ್ ಆದ. ಬೆಂಕಿ ಬಿಟ್ಟು ಬರೀ ಹೊಗೆ ಉಗುಳತೊಡಗಿದ. ಕಬ್ಬಿಣದ ಕವಚದ ಜಾಗಕ್ಕೆ ಕಪ್ಪು ಕೋಟು ಬಂತು. ಸಿನಿಮಾದಲ್ಲಿ ಇಸ್ತ್ರಿ ಚೆನ್ನಾಗಿದ್ದವನಿಗೆ ಗುಂಡು ತಾಗುವುದಿಲ್ಲವಲ್ಲ! ಗಾಯ ಮಾಯಿಸುವ ಸನ್ಯಾಸಿ ಹೋಗಿ, ಲೈಸೆನ್ಸು ಕಳೆದುಕೊಂಡ ಡಾಕ್ಟರಮ್ಮ ಬಂದಳು.

ಒಂದು ಕಡೆ ಮಾತ್ರ ಹೊಲಿಗೆ ಕೂಡಲಿಲ್ಲ. ಹಳೇ ಆಟದಲ್ಲಿ ಸತ್ತವರನ್ನು ಮಂತ್ರ ಹಾಕಿ ಎಬ್ಬಿಸಬಹುದು. ರೌಡಿಗಳ ಗ್ಯಾಂಗಿಗೆ ಮಂತ್ರ ಎಲ್ಲಿಂದ ತರುವುದು? ತಲೆ ಕೆರೆದುಕೊಂಡು ಅಣ್ಣ ಒಂದು ನಿಯಮ ಮಾಡಿದ: ಹೆಣ ಕಾಣದಿದ್ದರೆ ಸತ್ತಿಲ್ಲ.

"ಎಲ್ಲಾ ಸಿನಿಮಾದಲ್ಲೂ ಅಷ್ಟೇ ಕಣ್ರೋ," ಎಂದಿದ್ದ. "ಸೇತುವೆಯಿಂದ ಬಿದ್ದೋನು ಇಂಟರ್ವಲ್ ಆದ್ಮೇಲೆ ಗಡ್ಡ ಬಿಟ್ಕೊಂಡು ಬರ್ತಾನೆ."

ಅಣ್ಣ ನದಿ ದಾಟಿಸುವ ಲಾಂಚುಗಳ ಮೆಕ್ಯಾನಿಕ್. ಮೂರು ವರ್ಷದ ಹಿಂದೆ, ರಿಪೇರಿಯಾದ ಲಾಂಚೊಂದನ್ನು ಓಡಿಸಿ ನೋಡಲು ಒಬ್ಬನೇ ಹೋದ. ಲಾಂಚು ಸಿಕ್ಕಿತು, ಇಂಜಿನ್ ಓಡುತ್ತಲೇ ಇತ್ತು. ಅವನು ಸಿಗಲಿಲ್ಲ.

ಅಂದಿನಿಂದ ಆಟದಲ್ಲೂ ಅವನ ಪಾತ್ರ, 'ಕಪ್ಪುಕೋಟು' ಎಂಬವನು, ಕಾಣೆ. ಆದರೂ ಗೋದಾಮಿನ ಯಾವುದೋ ಮೂಲೆಯಿಂದ ಫೋನು ಮಾಡುತ್ತಾನೆ, ಸುಳಿವು ಕೊಡುತ್ತಾನೆ, ಬೈಯುತ್ತಾನೆ. ಎಲ್ಲ ಈಗ ಕಥೆ ಹೇಳುವ ಗಿಣಿಯ ಗಂಟಲಲ್ಲಿ, ಅಣ್ಣನದೇ ದನಿಯಲ್ಲಿ. ಆ ದನಿ ಕೇಳಲೆಂದೇ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಡಾಕ್ಟರಮ್ಮನಾಗಿ ಆಡಲು ಬರುತ್ತಿದ್ದಳು. ಮೂರನೆಯವನು ಅಣ್ಣನ ಗೆಳೆಯ, ಬೀಗ ರಿಪೇರಿಯವನು. ಎಲ್ಲರೂ ಅವನನ್ನು ಕರೆಯುವುದು ಕೀಲಿ ಎಂದೇ.

ಅತ್ತಿಗೆಯದು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸ. ದೂರದ ಊರಿನ ದೊಡ್ಡ ಲ್ಯಾಬೊಂದು ಅವಳನ್ನು ಕರೆದಿತ್ತು. ಮರುದಿನವೇ ಉತ್ತರ ಹೇಳಬೇಕು. ಹೋಗುವ ಆಸೆ ಬೆಟ್ಟದಷ್ಟಿತ್ತು. ಆದರೆ ಗಂಡ ಬಂದು, ಮನೆಗೆ ಬೀಗ ಬಿದ್ದದ್ದು ನೋಡಿದರೆ? ಈ ಪ್ರಶ್ನೆಯಿಂದಾಗಿ ಅವಳು ಇಷ್ಟು ದಿನ ತವರಿನಲ್ಲಿಯೂ ಒಂದು ರಾತ್ರಿ ಉಳಿದವಳಲ್ಲ. ಕೆಲಸದ ವಿಷಯ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

"ಗಿಣಿ, ಇವತ್ತು ಕಪ್ಪುಕೋಟು ಎಲ್ಲಿದಾನೋ ಅಲ್ಲಿಗೇ ಹೋಗ್ತೀನಿ," ಎಂದಳು. "ಇದ್ರೆ ಕರ್ಕೊಂಡ್ಬರ್ತೀನಿ. ಇಲ್ದಿದ್ರೆ ಹೆಣ ನೋಡ್ತೀನಿ. ಎರಡ್ರಲ್ಲಿ ಒಂದಾಗ್ಲಿ."

"ಅದಕ್ಕೆ ಗುಂಡಿಗೆ ಬೇಕು ಅತ್ತಿಗೆ. ಅಲ್ಲಿ ತುಂಬಾ ಗುಂಡು, ನಿಮ್ಮ ಕೋಟಿಗೆ ನೋಡಿದ್ರೆ ಗುಂಡೀನೇ ಇಲ್ಲ."

"ಮೊದ್ಲು ಇವನ ಜೋಕಿಗೆ ಗುಂಡು ಹೊಡೀರಿ," ಎಂದ ಕೀಲಿ.

ಅತ್ತಿಗೆ ನಗಲಿಲ್ಲ. ಗಿಣಿ ಗೋದಾಮು ತೆರೆದ. ಕಾವಲುಗಾರರಾಗಿ ಕೆಮ್ಮಿದ, ಟ್ಯೂಬ್‌ಲೈಟಾಗಿ ಗುಂಯ್‌ಗುಟ್ಟಿದ. ಕೀಲಿಯ ಪಾತ್ರ ಕಾವಲುಗಾರರನ್ನು ಒಂದು ಕಡೆ ಎಳೆದುಕೊಂಡು ಹೋಯಿತು. ಡಾಕ್ಟರಮ್ಮ ಒಬ್ಬಳೇ ಕೊನೆಯ ಕೋಲ್ಡ್ ಸ್ಟೋರೇಜಿನ ಬಾಗಿಲು ಮುಟ್ಟಿದಳು.

"ಕಿವಿಗೊಟ್ಟು ಕೇಳ್ತೀನಿ," ಎಂದಳು ಅತ್ತಿಗೆ. ದಾಳದಲ್ಲಿ ಒಂದು ಬಿದ್ದರಷ್ಟೇ ಏನಾದರೂ ಕೇಳಿಸುತ್ತದೆ. ಒಂದು ಬಿತ್ತು.

ನೀರು ತೊಟ್ಟಿಕ್ಕುವ ಸದ್ದು ಮಾಡೋಣವೆಂದು ಗಿಣಿ ನಾಲಿಗೆಯನ್ನು ಅಂಗುಳಕ್ಕೆ ಒತ್ತಿದ.

"ತೆಗೀಬೇಡ ಕಣೇ."

ಅಣ್ಣನ ದನಿ. ಅದರಲ್ಲಿ ಹೊಸದೇನಿಲ್ಲ. ಆದರೆ ಮಾತು ಮುಗಿದ ಮೇಲೆ ಗಿಣಿಯ ತುಟಿ ಅಲುಗಿತು. ಮೊದಲು ದನಿ, ಆಮೇಲೆ ತುಟಿ. ಕೆಟ್ಟದಾಗಿ ಡಬ್ ಮಾಡಿದ ಸಿನಿಮಾದ ಹಾಗೆ. ತುಟಿಗೆ ದನಿ ಕೂಡಿಸಿ ಹೊಟ್ಟೆ ಹೊರೆಯುವವನು ಅಂಥ ತಪ್ಪು ಮಾಡುವುದಿಲ್ಲ.

"ಲೋ, ಹೇಗೋ ಮಾಡ್ದೆ ಅದನ್ನ?" ಎಂದ ಕೀಲಿ. ಗಿಣಿ ಇಲ್ಲವೆಂಬಂತೆ ತಲೆಯಾಡಿಸಿದ. ಅವನ ಕಣ್ಣು ತನ್ನದೇ ಬಾಯಿಯನ್ನು ನೋಡಲು ಹವಣಿಸುತ್ತಿತ್ತು.

"ಹಲ್ಲು ಅಲ್ಲೂ ಇರುತ್ತೆ, ಇಲ್ಲೂ ಇರುತ್ತೆ," ಎಂದಿತು ದನಿ. "ಆ ಊರಿಗೆ ಹೋಗ್ಬೇಡ." ತುಟಿಗಳು ಹಿಂದಿನಿಂದ ಓಡಿಬಂದವು.

ಅತ್ತಿಗೆ ದಾಳವನ್ನು ಬಾಚಿಕೊಂಡಳು. "ಬಾಗಿಲು ತೆಗೀತೀನಿ," ಎಂದು ದಾಳ ಹಾಕಿದಳು. ಒಂದೋ ಎರಡೋ ಬೀಳಬೇಕಿತ್ತು. ಐದು ಬಿತ್ತು. ಮತ್ತೆ ಹಾಕಿದಳು, ಆರು. ಮತ್ತೆ ನಾಲ್ಕು.

ಕೀಲಿ ಹೆದರಿದರೆ ಬಾಯಿ ನಿಲ್ಲದವನು. "ನಿಜವಾದ ಬಾಗ್ಲಾಗಿದ್ರೆ ಇಷ್ಟೊತ್ತಿಗೆ ತೆಗ್ದು ಟೀ ಕುಡೀತಿದ್ದೆ. ಈ ಬಾಗ್ಲಿನ ನಿಯಮಾನೇ ಮೋಸ ಅತ್ತಿಗೆ. ಹೊರಗಿರೋರಿಗೆ ಮಾತ್ರ ಬಿಗಿ. ಒಳಗಿರೋ ರಾಕ್ಷಸಂಗೆ ದಾಳಾನೇ ಬೇಡ, ದೂಡಿದ್ರೆ ತೆರ್ಕೊಳ್ಳುತ್ತೆ."

ಅತ್ತಿಗೆಯ ಕೈ ದಾಳದ ಮೇಲೆ ನಿಂತಿತು. "ಹಾಗಂತ ಯಾರು ಬರೆದಿದ್ದು?"

"ಹಳೇ ಪುಸ್ತಕದಲ್ಲೇ ಇತ್ತು. ಅಣ್ಣ ಅದನ್ನ ಬದಲಾಯಿಸ್ಲಿಲ್ಲ."

ಅವಳು ಗಿಣಿಯ ಮುಖ ನೋಡಿದಳು. ಮೈದುನನನ್ನು ನೋಡುವ ನೋಟವಲ್ಲ ಅದು.

"ರೀ," ಎಂದಳು. ಮೂರು ವರ್ಷ ಬಳಸದ ಸಣ್ಣ ಮಾತು ಅದು. "ರೀ, ನಿಮಗೆ ದಾಳ ಬೇಡ್ವಂತೆ. ದೂಡಿ. ಹೊರಗೆ ಬನ್ನಿ."

ಸ್ಪಂಜು ಹೊದಿಸಿದ ಗೋಡೆಗಳ ನಡುವೆ ಮೌನವಾದರೆ ತಮ್ಮ ತಮ್ಮ ರಕ್ತ ಹರಿಯುವುದೇ ಕೇಳಿಸುತ್ತದೆ. ಮೂವರೂ ಅದನ್ನು ಕೇಳುತ್ತ ಕೂತರು.

"ನೀನು ಅಲ್ಲೇ ಇರು," ಎಂದಿತು ದನಿ ಕೊನೆಗೆ. "ಅಷ್ಟು ಸಾಕು."

"ನೀವು ಬರಲ್ವಾ?"

"ನೀನು ಅಲ್ಲೇ ಇರು."

ಅತ್ತಿಗೆ ದಾಳವನ್ನು ಮೇಜಿನ ನಡುವೆ ಇಟ್ಟಳು.

"ಕಾಯ್ತಿದೀನಿ ಅಂದ್ಕೊಂಡಿದ್ದೆ," ಎಂದಳು ನಿಧಾನವಾಗಿ. "ಕಾವಲು ಕೂತಿದ್ದೆ ಅಷ್ಟೇ." ಆಮೇಲೆ, ಲ್ಯಾಬಿನಲ್ಲಿ ಅಳತೆ ಹೇಳುವ ಗಂಟಲಿನಲ್ಲಿ: "ಡಾಕ್ಟರಮ್ಮ ವಾಪಸ್ ಹೊರಡ್ತಾಳೆ, ಗಿಣಿ. ಗೋದಾಮು ದಾಟ್ತಾಳೆ, ಬಸ್ ಹತ್ತುತ್ತಾಳೆ. ಅದಕ್ಕೇನಾದ್ರೂ ದಾಳ ಬೇಕಾ?"

ಬೇಡವೆಂದು ಗಿಣಿ ತಲೆಯಾಡಿಸಿದ. ಅವನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಸ್ಟುಡಿಯೋದ ದಪ್ಪ ಬಾಗಿಲನ್ನು ಭುಜದಿಂದ ದೂಡಿದಳು. ಬಿಸಿಲು ಒಳಗೆ ಬಿತ್ತು. "ಬೇರೆ ಊರಲ್ಲಿ ಕೆಲಸ ಸಿಕ್ಕಿದೆ ಕೀಲಿ. ಬರ್ತೀನಿ ಅಂತ ನಾಳೆ ಅವರಿಗೆ ಹೇಳ್ಬಿಡ್ತೀನಿ," ಎಂದು ಹೊರಟಳು.

ಆ ಊರಿನ ವಿಷಯ ಗಿಣಿಗೂ ಗೊತ್ತಿರಲಿಲ್ಲವೆಂಬುದು ಕೀಲಿಗೆ ಹೊಳೆಯುವಷ್ಟರಲ್ಲಿ ಗಿಣಿಯ ತುಟಿ ಮತ್ತೆ ಅಲುಗತೊಡಗಿತು. ಈ ಸಲ ತುಟಿಯೇ ಮೊದಲು; ದನಿ ಇನ್ನೂ ಬಂದಿರಲಿಲ್ಲ. ಕೀಲಿ ಬಗ್ಗಿ ತುಟಿ ಓದಿದ. ತಡಿ. ಬಂದೆ. ತಡಿ, ಬಂದೆ.

ತೆರೆದ ಬಾಗಿಲಿನಾಚೆ, ಮೆಟ್ಟಿಲುಗಳ ಮೇಲೆ, ಅತ್ತಿಗೆಯ ಚಪ್ಪಲಿ ಸದ್ದು ಇಳಿಯುತ್ತಿತ್ತು. ಒಂದು ಕೂಗು ಸಾಕಿತ್ತು, ಅವಳು ನಿಲ್ಲುತ್ತಿದ್ದಳು.

ಕೀಲಿ ಎದ್ದು, ಗಿಣಿಯ ತಲೆಯನ್ನು ಎದೆಗೆ ಒರಗಿಸಿಕೊಂಡು, ಅಂಗೈಯಿಂದ ಅವನ ಬಾಯಿಯನ್ನು ಬಿಗಿಯಾಗಿ ಮುಚ್ಚಿದ. ಅಂಗೈಗೆ ತಾಗಿದ ಉಸಿರು ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಚಪ್ಪಲಿ ಸದ್ದು ಬೀದಿಯ ಸದ್ದಿನಲ್ಲಿ ಬೆರೆತುಹೋಗುವ ತನಕ ಅವನು ಕೈ ತೆಗೆಯಲಿಲ್ಲ.