ಬಲಗಡೆಯ ಚಕ್ರ

"ಶೈಲಕ್ಕ, ಗಾಳಿ ಇಳೀತಾ ಉಂಟು."

ಕೈಯಲ್ಲಿದ್ದ ಚಿಕ್ಕ ರೇಡಿಯೋದಿಂದ ಪ್ರಶಾಂತನ ದನಿ ಬಂದಾಗ ಶೈಲಾ ಹ್ಯಾಂಗರಿನ ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದಳು. ಅವನು ಹಾರಿಸುತ್ತಿದ್ದ ವಿಮಾನ ಆಗಲೇ ಸಮುದ್ರದ ಮೇಲೆ ಒಂದು ಸುತ್ತು ಹಾಕಿ ವರ್ಸೋವಾ ಕಡೆಯಿಂದ ಮರಳುತ್ತಿತ್ತು. ಚಳಿಗಾಲದ ಭಾನುವಾರದ ಬೆಳಗು. ಜುಹೂ ಏರೋಡ್ರೋಮಿನ ಸುತ್ತಲಿನ ಕಟ್ಟಡಗಳ ಮೇಲೆ ಮಂಜೋ ಹೊಗೆಯೋ ತಿಳಿಯದ ಬೂದಿ ಬಣ್ಣ ಕವಿದಿತ್ತು.

"ಮೀಟರಿನ ಮುಳ್ಳು ಎಲ್ಲಿ ಐತಿ?"

"ಅರ್ಧಕ್ಕಿಂತ ಕೆಳಗೆ. ಮಾತಾಡುವಾಗಲೇ ಇನ್ನೂ ಕೆಳಗೆ ಬಂತು."

"ಕಂಪ್ರೆಸರ್ ತುಂಬಸ್ತಿಲ್ಲೇನು?"

"ಅದು ತುಂಬಿಸ್ತಾ ಉಂಟು. ತುಂಬಿಸಿದ್ದಕ್ಕಿಂತ ಜಾಸ್ತಿ ಎಲ್ಲಿಂದಲೋ ಹೋಗ್ತಾ ಉಂಟು."

ಅವಳು ಲೋಟವನ್ನು ನೆಲದ ಮೇಲಿಟ್ಟಳು. ಅಷ್ಟರಲ್ಲಿ ಮುಳ್ಳು ಸೊನ್ನೆಗೆ ಬಂದಿರಬಹುದೆಂದು ಅವಳಿಗೆ ಅನ್ನಿಸಿತು. ಅದು ನಿಜವಾಗಿತ್ತು.

ಆ ವಿಮಾನ ಶೈಲಾಳಿಗಿಂತ ಹಿರಿಯದು. ಒಂದು ಕಾಲದಲ್ಲಿ ಹೊಸ ಪೈಲಟ್‌ಗಳಿಗೆ ಹಾರುವುದನ್ನು ಕಲಿಸಿದ ಎರಡು ಸೀಟಿನ ಯಂತ್ರ. ಬೇರೆ ವಿಮಾನಗಳಲ್ಲಿ ಒತ್ತಡದ ಎಣ್ಣೆ ಮಾಡುವ ಕೆಲಸವನ್ನೆಲ್ಲ ಇದರಲ್ಲಿ ಗಾಳಿಯೇ ಮಾಡುತ್ತಿತ್ತು. ಎಂಜಿನ್ ತಿರುಗಿಸಿ ಎಬ್ಬಿಸುವುದು ಗಾಳಿ, ಚಕ್ರಗಳನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುವುದು, ಮತ್ತೆ ಇಳಿಸುವುದು ಗಾಳಿ, ನೆಲದ ಮೇಲೆ ಬ್ರೇಕು ಹಿಡಿಯುವುದೂ ಗಾಳಿಯೇ. ಸೀಟಿನ ಹಿಂದಿದ್ದ ಉಕ್ಕಿನ ಬಾಟಲಿಯಲ್ಲಿ ಒತ್ತಿ ತುಂಬಿದ ಗಾಳಿ ಬೆರಳು ಗಾತ್ರದ ಕೊಳವೆಗಳಲ್ಲಿ ರೆಕ್ಕೆಯ ತುದಿಯತನಕ ಹೋಗುತ್ತಿತ್ತು. ಪಕ್ಕದಲ್ಲೇ ಇನ್ನೊಂದು ಪುಟ್ಟ ಬಾಟಲಿ. ಮೊದಲನೆಯದು ಖಾಲಿಯಾದರೆ ಒಂದೇ ಒಂದು ಸಲ ಚಕ್ರ ಇಳಿಸಲು ಸಾಕಾಗುವಷ್ಟು ಗಾಳಿ ಅದರಲ್ಲಿರುತ್ತಿತ್ತು.

ಹಳೆಯ ವಿಮಾನಗಳ ಹುಚ್ಚಿದ್ದ ಒಬ್ಬ ಶ್ರೀಮಂತರು ಇದನ್ನು ಕೊಂಡು ಹ್ಯಾಂಗರಿನಲ್ಲಿ ಮಲಗಿಸಿದ್ದರು. ಶೈಲಾ ಕೆಲಸ ಮಾಡುತ್ತಿದ್ದ ವಿಮಾನ ಕಂಪನಿ ಮುಚ್ಚಿಹೋದ ಮೇಲೆ ಅವಳು ಇಲ್ಲಿಗೆ ಬಂದಳು. ಧಾರವಾಡದಿಂದ ಬಂದು ವಿಕ್ರೋಳಿಯ ಕಾರ್ಖಾನೆಯಲ್ಲಿ ದುಡಿದ ಅಪ್ಪ ಅವಳನ್ನು ಎಂಜಿನಿಯರ್ ಮಾಡಿದ್ದ. ದೊಡ್ಡ ಜೆಟ್‌ಗಳ ನಡುವೆ ಇಪ್ಪತ್ತು ವರ್ಷ ಕಳೆದವಳಿಗೆ ಈ ಮುದಿ ಯಂತ್ರ ಮೊದಮೊದಲು ಆಟಿಕೆಯಂತೆ ಕಂಡಿತ್ತು. ಆಮೇಲೆ ಅದರ ಗಾಳಿ ಅವಳ ತಲೆ ಹೊಕ್ಕಿತು. ಸೋರಿಕೆ ಹುಡುಕಲು ಪ್ರತಿ ಕೀಲಿಗೂ ಬ್ರಷ್‌ನಿಂದ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವುದನ್ನು ಕಾಯುವಳು. ಸಹಾಯಕ ಕಾಶಿನಾಥನಿಗೆ ಫ್ಯಾನು ಆರಿಸಲು ಹೇಳಿ, ರೆಕ್ಕೆಗೆ ಕಿವಿಯಿಟ್ಟು ಕೂರುವಳು. ಮೂಲ ರಬ್ಬರ್ ಸೀಲುಗಳು ಎಲ್ಲೂ ಸಿಗುತ್ತಿರಲಿಲ್ಲ. ಕಾಂದಿವಲಿಯ ಕೈಗಾರಿಕಾ ಎಸ್ಟೇಟಿನಲ್ಲಿ ಅಚ್ಚು ಹೊಡೆಸಿ, ಪರೀಕ್ಷೆ ಮಾಡಿಸಿ, ಒಪ್ಪಿಗೆ ಪಡೆದು ಒಂದೊಂದನ್ನೂ ತಾನೇ ಕೂರಿಸಿದ್ದಳು. ಹಿಂದಿನ ವಾರವಿಡೀ ವಿಮಾನವನ್ನು ಜಾಕಿನ ಮೇಲೆ ನಿಲ್ಲಿಸಿ ಚಕ್ರಗಳನ್ನು ಮೇಲೆ ಕೆಳಗೆ ಮಾಡಿ ನೋಡಿದ್ದಳು. ಒಂದು ಸಲವೂ ತಪ್ಪಿರಲಿಲ್ಲ. ಇವತ್ತು, ದುರಸ್ತಿಯ ನಂತರ, ಅದರ ಮೊದಲ ಹಾರಾಟ.

"ಪ್ರಶಾಂತ, ದೊಡ್ಡ ಬಾಟಲಿ ಬಂದ್ ಮಾಡು. ಚಕ್ರದ ಹಿಡಿಕಿ ನಡುವ ತಗೊಂಡು ಬಾ. ಆಮೇಲೆ ಸಣ್ಣ ಬಾಟಲಿ ತೆಗಿ. ಪೂರ್ತಿ ತೆಗಿ."

"ತೆಗೆದೆ."

ಅವಳು ರೇಡಿಯೋವನ್ನು ಕಿವಿಗೆ ಹಿಡಿದಳು.

"ಎರಡು ಹಸಿರು ದೀಪ ಬಂತು," ಎಂದ ಪ್ರಶಾಂತ. ಸ್ವಲ್ಪ ತಡೆದು, "ಬಲದ್ದು ಬರ್ಲಿಲ್ಲ," ಎಂದ.

ವಿಮಾನ ರನ್‌ವೇಯ ಮೇಲಿಂದ ತಗ್ಗಿನಲ್ಲಿ ಹಾದುಹೋಯಿತು. ಕಾಶಿನಾಥ ದುರ್ಬೀನು ಹಿಡಿದು ನೋಡಿ, ಅದನ್ನು ಶೈಲಾಳ ಕೈಗಿತ್ತ. ಮುಂದಿನ ಚಕ್ರ, ಎಡಗಡೆಯ ಚಕ್ರ ನೇರವಾಗಿ ನಿಂತಿದ್ದವು. ಬಲಗಡೆಯದು ಅರ್ಧಕ್ಕೆ ಬಂದು ಜೋತುಬಿದ್ದಿತ್ತು. ಕೊಕ್ಕೆ ಬೀಳದ ಆ ಕಾಲು ನೆಲ ತಾಗಿದ ಕೂಡಲೇ ಮಡಚಿಕೊಳ್ಳುತ್ತದೆ. ಮೂರೂ ಮೇಲೆಯೇ ಉಳಿದಿದ್ದರೆ ಹೊಟ್ಟೆಯ ಮೇಲೆ ಜಾರಿಸಿ ಇಳಿಸಬಹುದಿತ್ತು. ಈಗ ಇಳಿದ ಎರಡನ್ನು ಮತ್ತೆ ಮೇಲೆಳೆದುಕೊಳ್ಳಲು ಗಾಳಿ ಉಳಿದಿರಲಿಲ್ಲ.

"ಎಂತ ಆಯ್ತು? ಅವ ಯಾಕೆ ಇಳಿಯುದಿಲ್ಲ?"

ಶೈಲಾ ತಿರುಗಿ ನೋಡಿದಳು. ಪ್ರಶಾಂತನ ತಾಯಿ ಸೇವಂತಿಯಮ್ಮ, ಕುಳಿತಿದ್ದ ಕುರ್ಚಿಯಿಂದೆದ್ದು ಬಂದಿದ್ದರು. ಅವರು ಅಲ್ಲಿರುವುದು ಮಗನಿಗೆ ಗೊತ್ತಿರಲಿಲ್ಲ. ಅವನು ವಿಮಾನವೇರಿ ಹೋದ ಮೇಲೆ ಸ್ಟೇಷನ್ನಿನಿಂದ ರಿಕ್ಷಾ ಮಾಡಿಕೊಂಡು ಬಂದು, "ಬರ್ಬೇಡ ಅಂತ ಹೇಳಿದ್ದಾನೆ. ಅದಕ್ಕೇ ಬಂದೆ," ಎಂದು ನಕ್ಕಿದ್ದರು. ಗಂಡ ತೀರಿಕೊಂಡ ಮೇಲೂ ಕಾಂದಿವಲಿಯ ಹೋಟೆಲಿನ ಗಲ್ಲಾದಲ್ಲಿ ಕೂತು ಮಗನನ್ನು ಪೈಲಟ್ ಮಾಡಿದ ಹೆಂಗಸು. ವಾರವೆಲ್ಲ ಯಾರದೋ ಜೆಟ್ ಹಾರಿಸುವ ಮಗ ಭಾನುವಾರ ಈ ಡಬ್ಬಕ್ಕೆ ಯಾಕೆ ಬರುತ್ತಾನೆ ಎನ್ನುವುದು ಅವರಿಗೆ ಎಂದೂ ಅರ್ಥವಾಗಿರಲಿಲ್ಲ.

"ಒಂದ್ ಚಕ್ರ ಪೂರಾ ಇಳಿದಿಲ್ರಿ, ಅಮ್ಮಾರ."

"ಇಳಿಸ್ಲಿಕ್ಕೆ ಆಗುದಿಲ್ವಾ?"

"ನೋಡ್ಲಿಕತ್ತೀವ್ರಿ."

ಸೇವಂತಿಯಮ್ಮ ಅವಳ ಮುಖವನ್ನೇ ನೋಡಿದರು. ಆಮೇಲೆ ಪಕ್ಕಕ್ಕೆ ಬಂದು ನಿಂತರು.

ಪ್ರಶಾಂತ ಸಮುದ್ರದ ಮೇಲೆ ಹೋಗಿ ವಿಮಾನವನ್ನು ಧುಮುಕಿಸಿ ಎತ್ತಿದ, ಕುಲುಕಿದ, ಬಲಕ್ಕೂ ಎಡಕ್ಕೂ ಎಸೆದಂತೆ ವಾಲಿಸಿದ. ಭಾರಕ್ಕಾದರೂ ಚಕ್ರ ಕೆಳಗೆ ಬೀಳಲಿ ಎಂದು ಶೈಲಾಳೇ ಹೇಳಿದ್ದು. ಪ್ರತಿ ಸಲವೂ ಅವನು, "ಇಲ್ಲ," ಎನ್ನುತ್ತಿದ್ದ. ಅವಳು ಮನಸ್ಸಿನಲ್ಲೇ ಇಡೀ ವಿಮಾನವನ್ನು ಬಿಚ್ಚಿದಳು. ಬಾಟಲಿಯಿಂದ ಹೊರಟು, ಕೊಳವೆಯಿಂದ ಕೊಳವೆಗೆ, ಕೀಲಿನಿಂದ ಕೀಲಿಗೆ ನಡೆದು ಬಲರೆಕ್ಕೆಯ ಬುಡಕ್ಕೆ ಬಂದು ನಿಂತಳು. ಅಲ್ಲೇ ಎಲ್ಲೋ. ಕೈಯಲ್ಲಿ ಸ್ಪ್ಯಾನರ್ ಇತ್ತು. ಅದನ್ನು ಯಾವಾಗ ಎತ್ತಿಕೊಂಡೆನೆಂಬುದು ಅವಳಿಗೇ ತಿಳಿಯದು. ವಿಮಾನ ಕಣ್ಣಿಗೆ ಕಾಣುತ್ತಿತ್ತು, ಮೋಡಕ್ಕೂ ನೆಲಕ್ಕೂ ನಡುವೆ, ಬೇಕಾದರೆ ಅದರ ತಿರುಪುಗಳನ್ನು ಎಣಿಸಬಲ್ಲೆನೆಂಬಷ್ಟು ಪರಿಚಿತವಾಗಿ. ಕೈ ಮಾತ್ರ ಅಲ್ಲಿಯವರೆಗೆ ಹೋಗುವಂತಿರಲಿಲ್ಲ.

ದೊಡ್ಡ ಏರ್‌ಪೋರ್ಟ್ ಮಗ್ಗುಲಲ್ಲೇ ಇತ್ತು. ಅಲ್ಲಿ ಇಳಿಸುವ ಮಾತೂ ಬಂತು. ರೆಕ್ಕೆ ನೆಲಕ್ಕೆ ಬಿದ್ದ ಮೇಲೆ ರನ್‌ವೇ ಎಷ್ಟು ಉದ್ದವಿದ್ದರೇನು, ನನಗೆ ಗೊತ್ತಿರುವ ನೆಲವೇ ಇರಲಿ ಎಂದು ಪ್ರಶಾಂತ ಟವರಿನವರಿಗೆ ಇಂಗ್ಲಿಷಿನಲ್ಲಿ ಹೇಳಿದ. ಇಂಧನ ಕಡಿಮೆಯಾದಷ್ಟೂ ಬೆಂಕಿಯ ಭಯ ಕಡಿಮೆ. ಹಾಗಾಗಿ ಟ್ಯಾಂಕು ಖಾಲಿಯಾಗುತ್ತ ಬರುವವರೆಗೆ ಸುತ್ತುವುದೆಂದು ತೀರ್ಮಾನವಾಯಿತು. ಅಗ್ನಿಶಾಮಕದ ಗಾಡಿಗಳು ರನ್‌ವೇ ಬದಿಗೆ ಬಂದು ನಿಂತವು. ಕಾಶಿನಾಥ ಜೀಪು ತೆಗೆದುಕೊಂಡು ಅವರ ಹತ್ತಿರ ಹೋದ. ಹ್ಯಾಂಗರಿನ ಬಾಗಿಲಲ್ಲಿ ಇಬ್ಬರೇ ಹೆಂಗಸರು ಉಳಿದರು.

ಎಷ್ಟೋ ಹೊತ್ತಿನ ಮೇಲೆ ರೇಡಿಯೋ ಮತ್ತೆ ಮಾತಾಡಿತು. ಈಗ ಅವನ ದನಿ ಹೋಟೆಲಿನಲ್ಲಿ ಕೂತು ಹರಟುವವನ ಹಾಗೆ ಇತ್ತು.

"ಶೈಲಕ್ಕ, ಇನ್ನು ಎಂತ ಉಂಟು ಮಾಡ್ಲಿಕ್ಕೆ? ನೀವು ಹೇಳಿ, ಮಾಡ್ತೇನೆ."

ಶೈಲಾ ಬಾಯಿ ತೆರೆದಳು. ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಗೆ ಅವಳಲ್ಲಿ ಉತ್ತರವಿಲ್ಲದೆ ಹೋದದ್ದಿಲ್ಲ. ಒಂದು ಆಗದಿದ್ದರೆ ಇನ್ನೊಂದು, ಅದೂ ಆಗದಿದ್ದರೆ ಬಿಚ್ಚಿ ಹೊಸದಾಗಿ ಜೋಡಿಸು.

"ಏನೂ ಇಲ್ಲಪ್ಪಾ," ಎಂದಳು. "ಇನ್ನ ಏನೂ ಇಲ್ಲ."

"ಹಾಂ. ನನಗೂ ಹಾಗೇ ಅನ್ನಿಸ್ತು. ಚಲೋ, ಪರ್ವಾಗಿಲ್ಲ." ಸ್ವಲ್ಪ ಹೊತ್ತು ಬರೀ ಗರಗರ ಸದ್ದು. "ಒಂದು ಕೆಲಸ ಮಾಡಿ. ಅಮ್ಮನಿಗೆ ಯಾರೂ ಫೋನ್ ಮಾಡುದು ಬೇಡ. ಟಿವಿಯವರು ಬಂದ್ರೂ ಹೆಸರು ಹೇಳ್ಬೇಡಿ. ಅವಳು ಭಾನುವಾರ ಹೋಟೆಲಲ್ಲಿ ಟಿವಿ ಹಾಕಿ ಕೂತಿರ್ತಾಳೆ. ಆಮೇಲೆ ನಾನೇ ಹೇಳ್ತೇನೆ."

ಶೈಲಾ ರೇಡಿಯೋವನ್ನು ಸೇವಂತಿಯಮ್ಮನ ಕಡೆಗೆ ಚಾಚಿದಳು. ಅವರು ಎರಡು ಹೆಜ್ಜೆ ಹಿಂದಕ್ಕೆ ಸರಿದರು, ಬಿಸಿ ಪಾತ್ರೆ ಕಂಡವರ ಹಾಗೆ.

"ಬೇಡ," ಎಂದರು ಪಿಸುದನಿಯಲ್ಲಿ. "ನಾನು ಇಲ್ಲಿದ್ದೇನೆ ಅಂತ ಗೊತ್ತಾದ್ರೆ ಅವನ ಗಮನ ತಪ್ತದೆ. ಚಿಕ್ಕವನಿರುವಾಗಲೂ ಹಾಗೇ. ನಾನು ನೋಡ್ತಾ ಇದ್ರೆ ಸೈಕಲಿಂದ ಬೀಳ್ತಿದ್ದ."

"ಒಂದ್ ಮಾತರ ಆಡ್ರಿ, ಅಮ್ಮಾರ."

"ಬೇಡ ಮಗಾ. ನೀನು ಆಡು. ಸುಮ್ಮನೆ ಎಂತಾದ್ರೂ ಆಡ್ತಾ ಇರು. ಅವನ ಸ್ವರ ಕೇಳ್ತದಲ್ಲ, ಅಷ್ಟು ಸಾಕು."

ಶೈಲಾ ಗುಂಡಿ ಒತ್ತಿದಳು. "ಅಲ್ಲಿ ಥಂಡಿ ಐತೇನು?" ಎಂದು ಕೇಳಿದಳು.

ಅವನು ನಕ್ಕ. "ಥಂಡಿಯಾ? ಬೆವರಿ ಒದ್ದೆ ಆಗಿದ್ದೇನೆ ಶೈಲಕ್ಕ. ಮೇಲಿಂದ ಸಮುದ್ರ ಚೆಂದ ಕಾಣ್ತಾ ಉಂಟು ಇವತ್ತು. ಮೀನಿನ ದೋಣಿಗಳೆಲ್ಲ ಒಂದೇ ಕಡೆ ಮುಖ ಮಾಡಿ ನಿಂತಿವೆ." ದೋಣಿಗಳ ಬಣ್ಣ ಹೇಳಿದ. ಸಂಜೆ ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುವ ಮಾತು ಕೊಟ್ಟಿರುವುದನ್ನು ಹೇಳಿದ. ಸೇವಂತಿಯಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು, ತಲೆ ವಾಲಿಸಿ, ಪ್ರತಿ ಮಾತಿಗೂ ಹೂಂಗುಡುವಂತೆ ಗೋಣು ಹಾಕುತ್ತಿದ್ದರು.

ಕೊನೆಗೆ ಅವನು, "ಬರ್ತೇನೆ," ಎಂದ.

ಎಡಚಕ್ರ ಮೊದಲು ನೆಲ ಮುಟ್ಟಿತು. ಬಲರೆಕ್ಕೆಯನ್ನು ಮೇಲೆತ್ತಿ ಹಿಡಿದು, ಒಂಟಿ ಕಾಲಲ್ಲಿ ಓಡುವ ಹಕ್ಕಿಯಂತೆ ವಿಮಾನ ನೇರವಾಗಿ ಬಂತು. ಮುಂದಿನ ಚಕ್ರವೂ ಕೂತಿತು. "ಬಂತು, ಬಂತು," ಎಂದರು ಸೇವಂತಿಯಮ್ಮ. ಅರ್ಧ ರನ್‌ವೇ ದಾಟಿತು. ವೇಗ ತಗ್ಗಿತು. ವೇಗ ತಗ್ಗಿದರೆ ರೆಕ್ಕೆ ನಿಲ್ಲುವುದಿಲ್ಲವೆಂದು ಶೈಲಾಳಿಗೆ ಗೊತ್ತಿತ್ತು. ಅದು ಮೆಲ್ಲಗೆ, ಆಯಾಸವಾದಂತೆ, ಕೆಳಗಿಳಿಯಿತು. ಜೋತುಬಿದ್ದಿದ್ದ ಕಾಲು ಮಡಚಿಕೊಂಡಿತು. ರೆಕ್ಕೆಯ ತುದಿ ಡಾಂಬರಿಗೆ ತಾಗಿ ಕಿಡಿ ಹಾರಿತು. ವಿಮಾನ ಗಿರ್ರನೆ ತಿರುಗಿ ರನ್‌ವೇ ಬಿಟ್ಟು ಹುಲ್ಲಿಗೆ ನುಗ್ಗಿ, ನೀರು ಹರಿಯಲು ತೋಡಿದ್ದ ಕಾಲುವೆಗೆ ಮೂತಿ ಹೊಡೆದು ನಿಂತಿತು. ಸದ್ದು ಸ್ವಲ್ಪ ತಡವಾಗಿ ಬಂತು.

ಶೈಲಾ ಓಡಿದಳು. ಅವಳು ಮುಟ್ಟುವಷ್ಟರಲ್ಲಿ ಅಗ್ನಿಶಾಮಕದವರು ನೊರೆ ಸುರಿದು ಮೇಲಿನ ಗಾಜು ಸರಿಸಿದ್ದರು. ಪ್ರಶಾಂತನಿಗೆ ಎಚ್ಚರವಿತ್ತು. ಹಣೆಯಿಂದ ರಕ್ತದ ಒಂದು ಗೆರೆ ಇಳಿದಿತ್ತು, ಅಷ್ಟೇ.

"ಬೆಂಕಿ ಇಲ್ಲ ಅಲ್ವಾ?"

"ಇಲ್ಲಪ್ಪಾ, ಇಲ್ಲ."

"ಮತ್ತೆಂತ! ಆಯ್ತಲ್ಲ." ನಗಲು ನೋಡಿದ. "ಕಾಲು ಎಲ್ಲೋ ಪೆಡಲಿನ ಅಡಿ ಸಿಕ್ಕಿಕೊಂಡಿದೆ ಶೈಲಕ್ಕ. ಎಳೆದ್ರೆ ಬರ್ತಾ ಇಲ್ಲ. ಸ್ವಲ್ಪ ಬಿಡಿಸಿ."

ಅವಳು ರೆಕ್ಕೆ ಹತ್ತಿ ಒಳಗೆ ಬಗ್ಗಿ ನೋಡಿದಳು. ಪೆಡಲುಗಳು ಕಿತ್ತುಹೋಗಿ ಮುಂದಕ್ಕೆ ಬಿದ್ದಿದ್ದವು. ಅವನ ಎರಡೂ ಕಾಲು ಸಡಿಲವಾಗಿ ಪಕ್ಕಕ್ಕೆ ವಾಲಿದ್ದವು. ಎಲ್ಲೂ, ಯಾವುದಕ್ಕೂ, ಸಿಕ್ಕಿಕೊಂಡಿರಲಿಲ್ಲ.

"ತಡಿ, ಬಿಡಸ್ತೀನಿ," ಎಂದಳು.

ಸ್ಟ್ರೆಚರಿನ ಮೇಲೆ ಮಲಗಿಸಿದಾಗ ಅವನು ತಾಯಿಯನ್ನು ನೋಡಿದ. "ಅಮ್ಮ! ನೀನು ಯಾವಾಗ ಬಂದದ್ದು?"

"ಈಗ," ಎಂದರು ಸೇವಂತಿಯಮ್ಮ. "ಈಗಷ್ಟೇ ರಿಕ್ಷಾದಿಂದ ಇಳಿದೆ."

ಬೆನ್ನುಹುರಿಗೆ ಪೆಟ್ಟಾಗಿತ್ತು. ವಿಲೆ ಪಾರ್ಲೆಯ ಆಸ್ಪತ್ರೆಯಲ್ಲಿ ಎರಡು ಶಸ್ತ್ರಚಿಕಿತ್ಸೆಗಳಾದವು. ಡಾಕ್ಟರು ಮತ್ತೆ ನಡೆಯಲು ಆಗುತ್ತದೆ ಎಂದೂ ಹೇಳಲಿಲ್ಲ, ಆಗುವುದಿಲ್ಲ ಎಂದೂ ಹೇಳಲಿಲ್ಲ. ಶೈಲಾಳ ಮನೆಯಿಂದ ಆಸ್ಪತ್ರೆಗೆ ನಡೆದು ಹೋಗುವಷ್ಟೇ ದೂರ. ಎಷ್ಟೋ ದಿನ ಅವಳು ಗೇಟಿನವರೆಗೆ ಹೋಗಿ ತಿರುಗಿ ಬಂದಳು. ತನಿಖೆಯವರು ವಿಮಾನವನ್ನು ಕತ್ತರಿಸಿ ನೋಡಿದರು. ಬಲರೆಕ್ಕೆಯ ಬುಡದಲ್ಲಿ, ರೆಕ್ಕೆಯನ್ನು ಹೊರುವ ತೊಲೆಯ ಹಿಂದೆ, ರೆಕ್ಕೆ ಒಡೆಯದೆ ಕಣ್ಣಾಗಲಿ ಕೈಯಾಗಲಿ ಹೋಗಲಾರದ ಜಾಗದಲ್ಲಿ ಮೊಣಕೈಯಂತೆ ಬಾಗಿದ ಲೋಹದ ಒಂದು ಕೊಳವೆ ಒಳಗಿನಿಂದ ತುಕ್ಕು ತಿಂದು ಸೀಳಿತ್ತು. ಆ ದಿನದವರೆಗೂ ಅದು ಸೋರಿರಲಿಲ್ಲ. ಹಾರಿದ ಮೇಲೆ ಒಮ್ಮೆಲೇ ಬಿಟ್ಟುಕೊಟ್ಟಿತ್ತು. ನಿರ್ವಹಣೆಯಲ್ಲಿ ಲೋಪವಿಲ್ಲ ಎಂದು ಅವರು ಬರೆದರು. ಅದನ್ನು ಓದಿದ ಸಂಜೆ ಶೈಲಾ ಗೇಟು ದಾಟಿ ಒಳಗೆ ಹೋದಳು.

ಕಾರಿಡಾರಿನಲ್ಲಿ ಸೇವಂತಿಯಮ್ಮ ಫ್ಲಾಸ್ಕು ಹಿಡಿದು ಬರುತ್ತಿದ್ದರು. ತೆಳ್ಳಗಾಗಿದ್ದರು.

"ನಿನ್ನದು ತಪ್ಪು ಉಂಟಾ?" ಎಂದು ಕೇಳಿದರು, ಊಟ ಆಯಿತಾ ಎಂದು ಕೇಳುವ ಹಾಗೆ.

"ಇಲ್ಲಂತ ಬರದಾರ್ರಿ, ಅಮ್ಮಾರ."

"ಅವರು ಬರೆದದ್ದಲ್ಲ. ನೀನು ಎಂತ ಹೇಳ್ತಿ?"

ಶೈಲಾ ಗೋಡೆಗೆ ಕೈಯೂರಿ ನಿಂತಳು. "ನಂಗ ತಿಳೀವಲ್ದ್ರಿ. ದಿನಾ ರಾತ್ರಿ ಕಣ್ಣು ಮುಚ್ಚಿ ಎಲ್ಲಾ ಬಿಚ್ಚಿ ನೋಡ್ತೀನಿ. ಆ ಜಾಗಾಕ್ಕ ಕೈ ಹೋಗೂದೇ ಇಲ್ಲ."

ಸೇವಂತಿಯಮ್ಮ ಫ್ಲಾಸ್ಕನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ಬಾ ಒಳಗೆ," ಎಂದರು.

ಪ್ರಶಾಂತ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದ. ಹೊರಗೆ ಒಂದು ವಿಮಾನ ಇಳಿಯಲು ತಗ್ಗುತ್ತಿತ್ತು. ಅವನು ಅದನ್ನೇ ನೋಡುತ್ತಿದ್ದ. ಕೊರಳಿನ ಪಟ್ಟಿಯಿಂದಾಗಿ ತಲೆ ತಿರುಗಿಸಲು ಆಗುತ್ತಿರಲಿಲ್ಲ. ಸೇವಂತಿಯಮ್ಮ ಹಾಸಿಗೆಯ ಕಾಲಬದಿಗೆ ಹೋಗಿ ಹೊದಿಕೆ ಸರಿಸಿದರು. ಅಂಗೈಗೆ ಎಣ್ಣೆ ಸುರಿದುಕೊಂಡು, ಬಾಟಲಿಯನ್ನು ಶೈಲಾಳಿಗೆ ಕೊಟ್ಟರು.

"ದಿನಕ್ಕೆ ಮೂರು ಸಲ ಉಜ್ಜಲಿಕ್ಕೆ ಹೇಳಿದ್ದಾರೆ. ನನಗೆ ಒಬ್ಬಳಿಗೆ ಕೈ ಸೋಲ್ತದೆ," ಎಂದರು ತಗ್ಗಿದ ದನಿಯಲ್ಲಿ. "ಆ ಕಾಲು ನೀನು ಹಿಡಿ."

ಶೈಲಾ ಎಣ್ಣೆ ಹಾಕಿಕೊಂಡು ಅವನ ಪಾದವನ್ನು ಎರಡೂ ಕೈಯಲ್ಲಿ ಹಿಡಿದಳು. ಪಾದ ಬೆಚ್ಚಗಿತ್ತು. ಹಿಮ್ಮಡಿಯಿಂದ ಬೆರಳುಗಳತ್ತ ಮೆಲ್ಲಗೆ ಉಜ್ಜತೊಡಗಿದಳು. ಎದುರಿಗೆ ಸೇವಂತಿಯಮ್ಮ ಇನ್ನೊಂದು ಪಾದವನ್ನು ಅದೇ ಲಯದಲ್ಲಿ ಉಜ್ಜುತ್ತಿದ್ದರು.

"ಅಮ್ಮ," ಎಂದ ಪ್ರಶಾಂತ ಕಿಟಕಿಯಿಂದ ಕಣ್ಣು ತೆಗೆಯದೆ, "ಯಾರೋ ಬಂದ ಹಾಗೆ ಆಯ್ತಲ್ಲ? ಎಲ್ಲಿ ನಿಂತಿದ್ದಾರೆ?"

ಶೈಲಾ ಅವನ ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿದಳು; ಅದು ಅಲುಗಲಿಲ್ಲ. ಇಬ್ಬರೂ ಉಜ್ಜುತ್ತಲೇ ಇದ್ದರು.