ಧಾರೆಗೆ ಎರವಲು ತಾಯಿ

ಭಾನುವಾರ ಬಂತೆಂದರೆ ಆಮರ್ಸ್‌ಫೋರ್ಟ್ ಎಂಬ ಡಚ್ ಊರಿನ ಆ ಮನೆಯಲ್ಲಿ ಬೆಳಿಗ್ಗೆಯೇ ಒಗ್ಗರಣೆಯ ಘಾಟು. ಪದ್ಮಿನಿ ಅಡುಗೆಮನೆಯ ಕಿಟಕಿ ತೆರೆದಿಡುವಳು. ಗಂಡ ತ್ಯಾಗರಾಜ ಚಳಿಯೆಂದು ಗೊಣಗುತ್ತ ಬಂದು ಮುಚ್ಚುವನು. ಆಮ್ಸ್ಟರ್‌ಡ್ಯಾಮಿನ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದ ಮಗ ಪೃಥ್ವಿ ಅಮ್ಮನ ಕೈ ಹುಳಿಗಾಗಿ ರೈಲು ಹತ್ತಿ ಬರುವನು. ಈಗ ಮೈಸೂರಿನಿಂದ ತ್ಯಾಗರಾಜನ ಅಣ್ಣ ನರಹರಿಯೂ ಬಂದಿಳಿದಿದ್ದರು. ಅವರು ಬಂದ ದಿನದಿಂದ ಮನೆಯಲ್ಲಿ ದಿವಾನರ ಮಾತೇ ಮಾತು.

ಈ ದಿವಾನ್ ತಿಮ್ಮಪ್ಪಯ್ಯ ಇವರ ಮುತ್ತಜ್ಜನ ತಂದೆ. ನಾಗರಕೊಪ್ಪವೆಂಬ ಪುಟ್ಟ ಸಂಸ್ಥಾನವನ್ನು ಬೆರಳ ತುದಿಯಲ್ಲಿ ಕುಣಿಸಿದಾತ. ಹೊಗಳುವವರಿಗೆ ಕೆರೆ ಕಟ್ಟಿಸಿದ ಪುಣ್ಯಾತ್ಮ. ಬೈಯುವವರಿಗೆ ಕಂದಾಯ ಏರಿಸಿ ಬಡವರ ಎತ್ತು ಹರಾಜು ಹಾಕಿಸಿದ ಕಟುಕ. ಸಂಸ್ಥಾನದ ಮಾನ ಉಳಿಯಬೇಕೆಂದು ಗುಡಿಯಲ್ಲಿ ಕುಣಿಯುತ್ತಿದ್ದ ಹೆಂಗಸರ ಮಾನ್ಯದ ಭೂಮಿಯನ್ನೆಲ್ಲ ಕಿತ್ತುಕೊಂಡು ಸುಧಾರಕ ಎನಿಸಿಕೊಂಡವನೂ ಅವನೇ. ಪೇಟ ಸುತ್ತಿದ ಅವನ ಪಟ ಸಮುದ್ರ ದಾಟಿ ಬಂದು ಟಿವಿಯ ಮೇಲೆ ತೂಗುತ್ತಿತ್ತು.

ಅಂಥ ಒಂದು ಭಾನುವಾರ ಪೃಥ್ವಿ ತಾನು ಮೆಚ್ಚಿದ ಹುಡುಗಿಯನ್ನು ಕರೆತಂದ. ಹೆಸರು ಸ್ಮೃತಿ, ವಾಗೆನಿಂಗನ್ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಸಂಶೋಧನೆ. ಅಪ್ಪ ಇಲ್ಲದ ಮಗು. ತಾಯಿ ಕಾಶಮ್ಮ ಊರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸಿ ಓದಿಸಿದ್ದಳು. ಎರಡನೇ ಸಲ ಹುಳಿ ಬಡಿಸಿಕೊಂಡ ಹುಡುಗಿಯನ್ನು ನೋಡಿ ಪದ್ಮಿನಿಯ ಮನಸ್ಸು ತುಂಬಿತು. ಇವಳೇ ನನ್ನ ಸೊಸೆ ಎಂದು ಆಗಲೇ ನಿಶ್ಚಯಿಸಿಕೊಂಡಳು.

ಕೈ ತೊಳೆದು ಬಂದ ಸ್ಮೃತಿ ಪಟ ಕಂಡು ನಿಂತಳು.

“ಅಯ್ಯೋ, ಇವ್ರು ನಮ್ಮನೇಲೂ ಇದಾರೆ ಆಂಟಿ! ಸೇಮ್ ಫೋಟೋ! ನಮ್ಮಪ್ಪನ ಮುತ್ತಜ್ಜ ಇವ್ರ ಮಗ. ತಾಯಿ ಚೆಲುವಾಜಮ್ಮ ಅಂತ, ಗುಡೀಲಿ ಕುಣೀತಿದ್ದೋರು. ಹಂಗಾದ್ರೆ ನಾವು ನೆಂಟರೇ ಅಲ್ವಾ?”

ಪಾಪ, ಸಂತೋಷದ ಸುದ್ದಿಯೆಂದೇ ಅಂದುಕೊಂಡಿತ್ತು ಮಗು! ನರಹರಿ ಕೈಲಿದ್ದ ಮಜ್ಜಿಗೆ ಲೋಟ ಕೆಳಗಿಟ್ಟರು. ತ್ಯಾಗರಾಜ ಮೊಬೈಲಿನೊಳಗೆ ಮುಖ ಹುದುಗಿಸಿದ. ಹುಡುಗಿ ಇನ್ನೂ ನಗುತ್ತಲೇ ಹೇಳುತ್ತಿದ್ದಳು: ಮಾನ್ಯ ಕಿತ್ತುಕೊಂಡಾಗ ತನ್ನ ಮಗನ ತಾಯಿಯದನ್ನೂ ದಿವಾನ ಬಿಡಲಿಲ್ಲವಂತೆ, ಪಕ್ಷಪಾತಿ ಎನ್ನಬಾರದಲ್ಲ! ಆದರೆ ಕತ್ತಲಾದ ಮೇಲೆ ಅವಳ ಮನೆಗೆ ಬರುವುದನ್ನೂ ಬಿಡಲಿಲ್ಲವಂತೆ. ಅವನು ಸತ್ತಾಗ ಆ ಮಗನನ್ನು ಸ್ಮಶಾನದ ಬೇಲಿ ದಾಟಗೊಡಲಿಲ್ಲವಂತೆ.

ಅವಳು ಹೋದ ಮೇಲೆ ಪಂಚಾಯಿತಿ ಕೂತಿತು.

“ಆಗಲ್ಲ,” ಎಂದರು ನರಹರಿ. “ದಿವಾನರ ರಕ್ತವೇ ಅಂದ್ರೆ ಸಗೋತ್ರ, ಅಣ್ಣ-ತಂಗಿ ಆಗ್ಬೇಕು. ಅಲ್ಲ ಅಂದ್ರೆ ಕುಣಿಯೋರ ಮನೆ. ಹೇಗೂ ಆಗಲ್ಲ.”

“ಅಲ್ಲ ಭಾವ,” ಪದ್ಮಿನಿ ತಡೆಯಲಾರದೆ ಕೇಳಿದಳು, “ಆಸ್ತಿ ಪಾಲು ಮಾಡುವಾಗ ಆ ಮಗ ದಿವಾನರ ರಕ್ತ ಆಗಿದ್ನಾ? ಆಗ ಏನೂ ಕೊಡ್ಲಿಲ್ಲ. ಈಗ ಮದುವೆ ತಪ್ಪಿಸೋಕೆ ಮಾತ್ರ ರಕ್ತ ಸಂಬಂಧ ಬಂತಾ? ಯಾವುದಾದ್ರೂ ಒಂದು ಹೇಳಿ.”

“ನಿನಗೆ ಇದೆಲ್ಲ ತಿಳಿಯಲ್ಲಮ್ಮ.”

ತಿಳಿಯದೇ ಏನು? ತಿಳಿದದ್ದಕ್ಕೇ ಕೇಳಿದ್ದು. ತ್ಯಾಗರಾಜನ ಕಡೆ ನೋಡಿದಳು. ಕಚೇರಿಯಲ್ಲಿ ನಲವತ್ತು ಜನರನ್ನು ಗದರಿಸುವ ಗಂಡ ಅಣ್ಣನೆದುರು ಉಪ್ಪಿನ ಗೊಂಬೆ.

ಮೂರು ವಾರ ಕಳೆಯಿತು. ಆಮೇಲೆ ನರಹರಿಯೇ ಒಂದು ದಾರಿ ಹುಡುಕಿದರು. ಸ್ಮೃತಿಯನ್ನೂ ಕರೆಸಿ, ದೊಡ್ಡ ಉಪಕಾರ ಮಾಡುವವರಂತೆ ಬಾಯಿಬಿಟ್ಟರು.

“ನಾವೇನು ಹಳೇ ಕಾಲದೋರಲ್ಲಮ್ಮ. ಶಾಸ್ತ್ರದಲ್ಲೇ ದಾರಿ ಇದೆ. ಇಲ್ಲೇ ನಮ್ಮ ಸ್ನೇಹಿತರು ಮುರಳೀಧರ ಅಂತ ಇದಾರೆ. ನಮ್ಮೋರೇ, ಬೇರೆ ಗೋತ್ರ, ಮಕ್ಕಳಿಲ್ಲ. ಮದುವೆ ಹಿಂದಿನ ದಿನ ಅವ್ರು ನಿನ್ನ ದತ್ತು ತಗೋತಾರೆ. ಗಂಡ-ಹೆಂಡ್ತಿ ಕೂತು ಧಾರೆ ಎರೀತಾರೆ. ಕುಲಾನೂ ಸರಿಹೋಯ್ತು, ಗೋತ್ರಾನೂ ಸರಿಹೋಯ್ತು.”

“ಮತ್ತೆ ನಮ್ಮಮ್ಮ?”

“ಬರ್ಲಿ, ಬೇಡ ಅಂದೋರ್ಯಾರು? ಹಿಂದಿನ ಸಾಲಲ್ಲಿ ಕೂತ್ಕೋಲಿ. ಯಾರಾದ್ರೂ ಕೇಳಿದ್ರೆ ಊರಿನ ಪರಿಚಯದೋರು ಅಂದ್ರಾಯ್ತು.”

ಇಂಥ ಮದುವೆಗಳು ನಮ್ಮಲ್ಲಿ ಎಷ್ಟು ನಡೆದಿಲ್ಲ! ಹೆತ್ತವಳು ಕಂಬದ ಮರೆಯಲ್ಲಿ, ಎರವಲು ತಾಯಿ ಮಂಟಪದಲ್ಲಿ, ಉಂಡು ಬಂದವರ ಬಾಯಲ್ಲಿ “ಎಷ್ಟು ಒಳ್ಳೇ ಮನಸ್ಸಿನ ಬೀಗರು!” ಎಂಬ ಮಾತು. ಥೂ!

ಪದ್ಮಿನಿ ಮಗನ ಮುಖ ನೋಡಿದಳು. ಈಗ ಎದ್ದಾನು, ಈಗ ಬೈದಾನು ಎಂದು ಕಾದಳು. ಪೃಥ್ವಿ ಗಂಟಲು ಸರಿಮಾಡಿಕೊಂಡ.

“ಸ್ಮೃತಿ, ಜಸ್ಟ್ ಒಂದು ಗಂಟೆ ಕಣೇ. ಇಲ್ಲಿನ ಮುನ್ಸಿಪಾಲಿಟಿ ಆಫೀಸಲ್ಲಿ ರಿಜಿಸ್ಟರ್ ಆಗುವಾಗ ನಿಮ್ಮಮ್ಮನ ಹೆಸರೇ ಇರುತ್ತಲ್ಲ. ಇದು ಸುಮ್ನೆ ಫಾರ್ಮಾಲಿಟಿ. ಅಡ್ಜಸ್ಟ್ ಮಾಡ್ಕೋ, ಪ್ಲೀಸ್.”

“ಊರಿನ ಪರಿಚಯದೋರಾ ಪೃಥ್ವಿ, ನಮ್ಮಮ್ಮ?”

“ಅವಳ ತಾಯಿನೇ ಒಪ್ಪಿದಾಳೆ ಕಣೋ,” ನರಹರಿ ಗೆದ್ದವರಂತೆ ನಡುವೆ ಬಾಯಿ ಹಾಕಿದರು. “ನಿನ್ನೆ ನಾನೇ ಫೋನ್ ಮಾಡಿದ್ದೆ. ‘ಎಲ್ಲಾದ್ರೂ ನಿಂತ್ಕೋತೀನಿ ಸ್ವಾಮಿ, ಮಗಳು ಸುಖವಾಗಿದ್ರೆ ಸಾಕು’ ಅಂದ್ಲು.”

ಸ್ಮೃತಿಯ ಕಣ್ಣು ತುಂಬಿತು. ದನಿ ಮಾತ್ರ ನಡುಗಲಿಲ್ಲ.

“ಒಪ್ಪದೆ ಇನ್ನೇನ್ ಮಾಡ್ತಾಳೆ? ನಾಲ್ಕು ತಲೆಮಾರಿಂದ ನಮಗೆ ಒಪ್ಪೋದೊಂದನ್ನೇ ಕಲಿಸಿದೀರ. ಅಮ್ಮ ಒಪ್ಪಿರ್ಬಹುದು ಸರ್. ನಾನು ಒಪ್ಪಲ್ಲ.” ಪೃಥ್ವಿಯ ಕಡೆ ತಿರುಗಿದಳು. “ಒಂದು ಗಂಟೆ ಅಂದ್ಯಲ್ಲ. ಆ ಒಂದು ಗಂಟೆ ನೀನು ನಮ್ಮಮ್ಮನ ಪಕ್ಕ ನಿಂತಿದ್ರೆ ನನಗೆ ಸಾಕಿತ್ತು.”

ಕೋಟು ಹಾಕಿಕೊಂಡು ಹೊರಟೇಬಿಟ್ಟಳು. ಪೃಥ್ವಿ ಬಾಗಿಲವರೆಗೆ ಹೋದ, ಅಲ್ಲೇ ನಿಂತ. ಹೊರಗೆ ಅವಳು ಸೈಕಲ್ಲಿನ ಬೀಗ ತೆಗೆದ ಸದ್ದು ಕೇಳಿಸಿತು.

“ಹೋದ್ರೆ ಹೋಗ್ಲಿ ಬಿಡೋ,” ನರಹರಿ ಸಮಾಧಾನ ಹೇಳಿದರು. “ಇಷ್ಟು ಸೊಕ್ಕಿರೋಳು ಮನೆಗೆ ಬಂದು ಬಾಳ್ತಿದ್ಲೇ? ನಿನಗೇನು ಹೆಣ್ಣಿಗೆ ಬರವಾ? ನಾಳೇನೇ ಬೆಂಗಳೂರಿಗೆ ಹೇಳಿ ಕಳಿಸ್ತೀನಿ. ದಿವಾನರ ಮನೆತನ ಅಂದ್ರೆ ಸಾಲು ನಿಲ್ತಾರೆ.”

“ನಿಲ್ಲಿಸಿ ಭಾವ, ಸಾಲು ನಿಲ್ಲಿಸಿ,” ಎಂದಳು ಪದ್ಮಿನಿ. ಮೂವತ್ತು ವರ್ಷದಲ್ಲಿ ಆ ದನಿಯನ್ನು ಯಾರೂ ಕೇಳಿರಲಿಲ್ಲ. ತ್ಯಾಗರಾಜ ಕೂಡ ತಲೆಯೆತ್ತಿದ. “ಯಾರೇ ಬರ್ಲಿ, ಕಾಫಿ ಕೊಡೋದು ನಾನೇ ತಾನೆ? ಕಾಫಿ ಕೊಟ್ಟು, ಹುಡುಗಿಯ ತಾಯಿ ಪಕ್ಕ ಕೂತು, ಮೊದಲು ಇವತ್ತಿನ ಕಥೆ ಹೇಳ್ತೀನಿ. ಆಮೇಲೆ ಅವರ ಕೈ ಹಿಡ್ಕೊಂಡು ಹೇಳ್ತೀನಿ: ನಾನೇ ಹೆತ್ತ ಮಗ ಇವನು, ಇವನಿಗೆ ಹೆಣ್ಣು ಕೊಡಬೇಡಿ ಅಂತ.”